ನವಿಲ ಮನೆಯಲ್ಲಿ ಮದುವೆಯ ಚಿತ್ರ

ಮದುವೆಯ ಸಿದ್ಧತೆಯೆಂದರೆ ಹಿಂದೆ ಮುಹೂರ್ತ, ಜವಳಿ, ಹಂದರ, ಅಡುಗೆ ಇವಿಷ್ಟರಲ್ಲಿ ಮುಗಿಯುತ್ತಿತ್ತು. ಈಚಿನ ವರ್ಷಗಳಲ್ಲಿ ಅದಕ್ಕೊಂದು ಹೊಸ ಬಾಬತ್ತು ಸೇರಿಕೊಂಡಿದೆ. ಮದುವೆಗೆ ಕೆಲವು ವಾರ ಮೊದಲೇ ವಧೂವರರು ಛಾಯಾಗ್ರಾಹಕರ ತಂಡದೊಡನೆ ಯಾವುದಾದರೊಂದು ಕೋಟೆಗೋ, ಕೆರೆಯ ಏರಿಗೋ, ಹಳೆಯ ಗುಡಿಗೋ ಹೋಗಿ ದಿನವಿಡೀ ಚಿತ್ರ ತೆಗೆಸಿಕೊಳ್ಳುತ್ತಾರೆ. ‘ಪ್ರಿ-ವೆಡ್ಡಿಂಗ್ ಶೂಟ್’ ಎಂಬ ಈ ಪದ್ಧತಿ ದೊಡ್ಡ ನಗರಗಳಿಂದ ಹೊರಟು ಈಗ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಿಗೂ ತಲುಪಿದೆ.

ಸಂತಸದ ದಿನಗಳ ನೆನಪನ್ನು ಉಳಿಸಿಕೊಳ್ಳಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ದೂರದ ಬಣ್ಣದ ಸ್ಟುಡಿಯೋಗಳನ್ನು ಬಿಟ್ಟು ತಮ್ಮ ಸೀಮೆಯ ಗುಡಿ, ಕೆರೆ, ಮರಗಳೇ ಚಿತ್ರದಲ್ಲಿರಲಿ ಎಂದು ಬಯಸುವುದು ಒಂದು ಬಗೆಯ ಅಭಿಮಾನವೇ ಸರಿ. ಆದರೆ ಇಂಥ ಚಿತ್ರೀಕರಣದ ಯೋಜನೆ ಸಾಗುವ ಕ್ರಮವನ್ನು ಗಮನಿಸಿರಿ. ಮೊದಲು ಮೊಬೈಲಿನಲ್ಲಿ ಕಂಡ ಯಾರದೋ ಚಿತ್ರದ ಅನುಕರಣೆ, ಅನಂತರ ಉಡುಪು, ಅನಂತರ ಬೆಳಕು, ಎಲ್ಲಕ್ಕೂ ಕೊನೆಗೆ ಸ್ಥಳ. ಆ ಸ್ಥಳದಲ್ಲಿ ಯಾರು ವಾಸವಾಗಿದ್ದಾರೆ, ಅವರಿಗೆ ಇದು ಯಾವ ಕಾಲ ಎಂಬ ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ. ಈ ಕ್ರಮವನ್ನು ತಿರುಗಿಸಿ, ಸ್ಥಳದಿಂದಲೇ ಯೋಜನೆಯನ್ನು ಆರಂಭಿಸಬೇಕೆಂಬುದು ನಮ್ಮ ಬಿನ್ನಹ.

ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ರಾಷ್ಟ್ರಕೂಟರ ಸೇನಾನಿ ಬಂಕೇಯನ ಹೆಸರನ್ನು ಹೊತ್ತ ಊರು ಇದು. ಅವನ ಮಗ ಲೋಕಾದಿತ್ಯನ ಆಳ್ವಿಕೆಯಲ್ಲಿ, 898ರಲ್ಲಿ, ಗುಣಭದ್ರಾಚಾರ್ಯರ ‘ಉತ್ತರಪುರಾಣ’ಕ್ಕೆ ಪೂಜೆ ಸಂದದ್ದು ಇಲ್ಲಿ. ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನು ಜನರು ‘ಅರವತ್ತು ಕಂಬದ ಗುಡಿ’ ಎಂದೇ ಕರೆಯುತ್ತಾರೆ. ಕೋಟೆಯ ಸುಮಾರು 139 ಎಕರೆ ನೆಲವು 2006ರಿಂದ ನವಿಲುಗಳ ಸಂರಕ್ಷಣಾ ಮೀಸಲು. ನವಿಲನ್ನು ಯಾರೂ ತಂದು ಬಿಡಲಿಲ್ಲ. ಕಂದಕದ ನೀರು, ಖಿಲಾರಿ ದನಗಳ ತಳಿ ಸಂವರ್ಧನ ಕೇಂದ್ರಕ್ಕೆಂದು ಬೆಳೆಸಿದ ಮೇವು, ಜಾಲಿ ಮತ್ತು ಕಳ್ಳಿಯ ಮುಳ್ಳುಪೊದೆಗಳು, ಇವೆಲ್ಲ ಒಂದೆಡೆ ಕೂಡಿಬಂದುದರಿಂದ ಅವು ತಾವಾಗಿಯೇ ಇಲ್ಲಿ ಬೆಳೆದವು. ಅರಸರು ಬಿಟ್ಟುಹೋದ ಕೋಟೆಯನ್ನು ನಾವು ‘ಹಾಳುಕೋಟೆ’ ಎನ್ನುತ್ತೇವೆ. ನವಿಲಿನ ಲೆಕ್ಕದಲ್ಲಿ ಅದು ತುಂಬಿದ ಮನೆ.

ಇನ್ನು ಕಾಲದ ವಿಚಾರ. ಗಂಡು ನವಿಲಿನ ಗರಿ ಪೂರ್ಣವಾಗಿ ತುಂಬಿ ಅದು ಕುಣಿಯುವುದು ಮುಂಗಾರಿನ ಆಸುಪಾಸಿನಲ್ಲಿ. ಮಳೆಗಾಲ ಕಳೆಯುವಷ್ಟರಲ್ಲಿ ಗರಿಗಳು ಉದುರಿಬಿಡುತ್ತವೆ. ನಮ್ಮಲ್ಲಿ ಆಷಾಢದಲ್ಲಿ ಮದುವೆಗಳಿಲ್ಲ. ಶ್ರಾವಣದ ಮುಹೂರ್ತಕ್ಕೆ ಸಿದ್ಧರಾಗುವವರಿಗೆ ಚಿತ್ರೀಕರಣಕ್ಕೆ ಒದಗುವ ಬಿಡುವು ಆಷಾಢವೇ. ನೆಲವೆಲ್ಲ ಹಸಿರು, ಆಕಾಶದಲ್ಲಿ ಮೋಡ, ಮುಂದೆ ಗರಿಗೆದರಿದ ನವಿಲು! ಛಾಯಾಗ್ರಾಹಕನಿಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ. ಆದರೆ ಹೆಣ್ಣು ನವಿಲು ಮೊಟ್ಟೆಯಿಡುವುದೂ ಇದೇ ದಿನಗಳಲ್ಲಿ. ಅದು ಮರದ ಮೇಲೆ ಗೂಡು ಕಟ್ಟುವ ಹಕ್ಕಿಯಲ್ಲ. ಪೊದೆಯ ಬುಡದಲ್ಲಿ ನೆಲವನ್ನು ತುಸು ಕೆದರಿ ನಾಲ್ಕಾರು ಮೊಟ್ಟೆಯಿಟ್ಟು ಸುಮಾರು ನಾಲ್ಕು ವಾರ ಕಾವು ಕೊಡುತ್ತದೆ. ಚಿತ್ರದ ಸೊಬಗಿಗಾಗಿ ಪೊದೆಗಳ ನಡುವೆ ಉದ್ದ ಸೆರಗನ್ನು ಹರಡಿಕೊಂಡು ಓಡಾಡುವ ಜೋಡಿಗೆ ಕಾಲಡಿಯ ಆ ಮೊಟ್ಟೆ ಕಾಣುವುದಿಲ್ಲ. ಬೆದರಿ ಎದ್ದ ಹೇಂಟೆ ಮರಳಿ ಬರುವಷ್ಟರಲ್ಲಿ ಕಾಗೆಯೋ ಮುಂಗುಸಿಯೋ ತನ್ನ ಕೆಲಸ ಮುಗಿಸಿರಬಹುದು.

ದಿನದ ಹೊತ್ತಿನಲ್ಲಿಯೂ ಇದೇ ಘರ್ಷಣೆಯಿದೆ. ಛಾಯಾಗ್ರಾಹಕರು ಬಯಸುವ ಹೊಂಬೆಳಕು ಸೂರ್ಯೋದಯದ ಬಳಿಕದ ಮತ್ತು ಸೂರ್ಯಾಸ್ತದ ಮುಂಚಿನ ಒಂದೊಂದು ಗಂಟೆ. ನವಿಲುಗಳು ಮೇವಿಗಾಗಿ ಬಯಲಿಗೆ ಬರುವುದೂ ಆ ಹೊತ್ತಿನಲ್ಲಿಯೇ. ಮುಸ್ಸಂಜೆಯಲ್ಲಿ ಅವು ಎತ್ತರದ ಮರವೇರಿ ಕೂಡುತ್ತವೆ. ಆ ಮರದ ತುದಿಗೆ ಸಮನಾಗಿ ಡ್ರೋನ್ ಒಂದು ಗುಂಯ್ಗುಡುತ್ತ ಬಂದರೆ ಕಗ್ಗತ್ತಲಲ್ಲಿ ಅವು ಎಲ್ಲಿಗೆ ಹೋಗಬೇಕು?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1963ರಿಂದ ನವಿಲು ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ಸ್ಥಾನವಿದೆ. ಆ ಕಾಯ್ದೆಯಲ್ಲಿ ‘ಬೇಟೆ’ ಎಂಬ ಶಬ್ದಕ್ಕೆ ಕೊಲ್ಲುವುದಷ್ಟೇ ಅರ್ಥವಲ್ಲ. ಅಟ್ಟುವುದು, ಆಮಿಷವೊಡ್ಡಿ ಸೆಳೆಯುವುದು, ಗೂಡನ್ನೂ ಮೊಟ್ಟೆಯನ್ನೂ ಕದಡುವುದು, ಇವೂ ಬೇಟೆಯೇ. ಚಿತ್ರದ ಚೌಕಟ್ಟಿನೊಳಗೆ ಬರಲೆಂದು ನವಿಲನ್ನು ಒಂದು ಕಡೆಯಿಂದ ಓಡಿಸುವುದು, ಕಾಳು ಚೆಲ್ಲಿ ಕರೆಯುವುದು ಎಷ್ಟು ಗಂಭೀರವಾದ ಮಾತೆಂಬುದು ಇದರಿಂದ ತಿಳಿದೀತು. ಸಂರಕ್ಷಣಾ ಮೀಸಲಿನೊಳಗೆ ಪ್ರಾಣಿಗಳನ್ನು ಪೀಡಿಸುವುದಕ್ಕೂ ಕಸ ಹಾಕುವುದಕ್ಕೂ ಪ್ರತ್ಯೇಕ ನಿಷೇಧವಿದೆ. ಡ್ರೋನಿನ ವಿಷಯಕ್ಕೆ ಬಂದರೆ, 2021ರ ನಿಯಮಗಳಂತೆ ಅದಕ್ಕೆ ನೋಂದಣಿ ಬೇಕು. 250 ಗ್ರಾಂ ಮೀರಿದ ಡ್ರೋನನ್ನು ಬಾಡಿಗೆಗೆ ಹಾರಿಸುವವರಲ್ಲಿ ಪೈಲಟ್ ಪ್ರಮಾಣಪತ್ರವಿರಬೇಕು.

ಜೀವವಿಲ್ಲದ ಕಲ್ಲಿಗೇನು ತೊಂದರೆ ಎಂದು ಕೆಲವರು ಕೇಳಬಹುದು. ಹಾನಗಲ್ಲಿನ ತಾರಕೇಶ್ವರ ಗುಡಿಯ ಕಮಲದಂಥ ಮೇಲ್ಛಾವಣಿಯನ್ನು ತಲೆಯೆತ್ತಿ ನೋಡಿದವರಿಗೆ ಆ ಕೆತ್ತನೆಯ ನಯ ನೆನಪಿರುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳಿಗೆ ಅಂಥ ಸೂಕ್ಷ್ಮ ಕೆತ್ತನೆ ಸಾಧ್ಯವಾದುದು ಅವರು ಬಳಪದ ಕಲ್ಲನ್ನು ಬಳಸಿದುದರಿಂದ. ಕೆತ್ತಲು ಮೃದುವಾದ ಕಲ್ಲು ಗೀರಿಗೂ ಮೃದು. ಕಂಬಕ್ಕೆ ಅಂಟಿಸುವ ಟೇಪು, ಎರಚುವ ಬಣ್ಣದ ಪುಡಿ, ತಾಗಿಸಿ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡು, ಎಲ್ಲವೂ ಒಂದಿಷ್ಟು ಗುರುತನ್ನು ಉಳಿಸಿಯೇ ಹೋಗುತ್ತವೆ. 2018ರ ಜುಲೈಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ತಾಜ್ ಮಹಲಿನ ಸಮಾಧಿ ಭಾಗ, ಅಜಂತಾ ಮತ್ತು ಲೇಹ್ ಅರಮನೆಗಳನ್ನು ಹೊರತುಪಡಿಸಿ ತನ್ನ ಸ್ಮಾರಕಗಳಲ್ಲಿ ಛಾಯಾಗ್ರಹಣಕ್ಕಿದ್ದ ನಿರ್ಬಂಧವನ್ನು ಸಡಿಲಿಸಿತು. ಇದು ನೋಡಲು ಬಂದವರ ಕೈಯಲ್ಲಿನ ಕ್ಯಾಮೆರಾಕ್ಕೆ ದೊರೆತ ಸ್ವಾತಂತ್ರ್ಯ. ತಂಡ, ದೀಪ, ಸಲಕರಣೆಗಳೊಡನೆ ನಡೆಸುವ ಚಿತ್ರೀಕರಣಕ್ಕೆ ಮುಂಚಿತವಾಗಿ ಇಲಾಖೆಯ ಪರವಾನಗಿ ಪಡೆಯಲೇಬೇಕು.

ಸವಣೂರಿನ ದೊಡ್ಡಹುಣಸೆ ಕಲ್ಮಠದ ಮರಗಳೂ ಚಿತ್ರ ತೆಗೆಸಿಕೊಳ್ಳುವವರನ್ನು ಸೆಳೆಯುವಂಥವು. ಆಫ್ರಿಕಾ ಮೂಲದ ಈ ಮೂರು ಮರಗಳ ಬೊಡ್ಡೆಯನ್ನು ಒಬ್ಬರು ತಬ್ಬಲಾಗದು. 2023ರ ಜುಲೈ ತಿಂಗಳ ಮಳೆಯಲ್ಲಿ ಅವುಗಳಲ್ಲೊಂದು ಬುಡಸಮೇತ ಉರುಳಿತು. ಹಾವೇರಿ ಜಿಲ್ಲೆಯವರು ಅದನ್ನು ಎತ್ತಿ ಮತ್ತೆ ನೆಟ್ಟರು. ಬಹುಕಾಲ ನಿಂತ ಮರವೂ ಒಂದೇ ಮಳೆಗೆ ಬೀಳಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇಂಥ ಮರಗಳ ಬೇರಿನ ನೆಲವನ್ನು ವಾಹನ ನಿಲ್ಲಿಸಿ ತುಳಿಸುವುದು, ದೀಪದ ಸರ ತೂಗಲು ತೊಗಟೆಗೆ ಮೊಳೆ ಹೊಡೆಯುವುದು ಸರ್ವಥಾ ಕೂಡದು.

ನೀರಿನ ಬಳಿಯ ಚಿತ್ರೀಕರಣಕ್ಕೆ ಇನ್ನೊಂದು ಅಪಾಯವಿದೆ. ಹಿರೇಕೆರೂರು ಸೀಮೆಯಲ್ಲಿ ಕುಮುದ್ವತಿಗೆ ಕಟ್ಟಿದ ಮದಗ-ಮಾಸೂರು ಕೆರೆ ಮಳೆಗಾಲದಲ್ಲಿ ತುಂಬಿ ಧುಮುಕುವುದನ್ನು ಕಾಣಲು ಜನ ಸೇರುತ್ತಾರೆ. ಪಾಚಿಗಟ್ಟಿದ ಬಂಡೆಗೆ ವಧುವಿನ ಉಡುಪಿನ ಭಾರ ತಿಳಿಯದು. 2020ರ ನವೆಂಬರಿನಲ್ಲಿ ತಲಕಾಡಿನ ಬಳಿ ಮದುವೆಯ ಮುನ್ನಿನ ಚಿತ್ರಕ್ಕಾಗಿ ಕಾವೇರಿಗಿಳಿದ ಜೋಡಿಯೊಂದು ತೆಪ್ಪ ಮಗುಚಿ ನೀರುಪಾಲಾಯಿತು. ಹಂದರ ಹಾಕಬೇಕಿದ್ದ ಎರಡು ಮನೆಗಳಲ್ಲಿ ಶೋಕ ತುಂಬಿತು.

ಗುಡ್ಡಗಳನ್ನೇ ಕರಗಿಸುವ ಗಣಿಗಾರಿಕೆಯನ್ನು ಬಿಟ್ಟು ಒಂದು ದಿನ ನಗುವ ಬಡ ಜೋಡಿಯ ಮೇಲೇಕೆ ಕಣ್ಣು ಎಂದು ಗೆಳೆಯರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಹಾನಿಯ ತೂಕದಲ್ಲಿ ಇವೆರಡೂ ಸಮವಲ್ಲ. ಇದರಿಂದ ಬದುಕುವ ಊರ ಹುಡುಗರ ಕ್ಯಾಮೆರಾವನ್ನು ಕಸಿಯಬೇಕೆಂದೂ ನಾವು ಹೇಳುತ್ತಿಲ್ಲ. ಆದರೆ ಒಬ್ಬರ ಒಂದು ದಿನವು ಹಲವರ ಹಲವು ದಿನಗಳಾಗುವುದು ಬೇಗ. ಗಣಿಯನ್ನು ನಿಲ್ಲಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಇದನ್ನು ತಿದ್ದಲು ಮನೆಯಲ್ಲಿ ಕುಳಿತು ಮಾತನಾಡಿದರೆ ಸಾಕು.

ಹಾಗಾದರೆ ಯೋಜನೆ ಹೇಗಿರಬೇಕು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಕಾಪುರದ ಪೊದೆಗಳತ್ತ ಚಿತ್ರೀಕರಣ ಬೇಡ. ಉಳಿದ ತಿಂಗಳುಗಳಲ್ಲಿ ಬೆಳಗಿನ ಮೇವಿನ ಹೊತ್ತು ಕಳೆದ ಮೇಲೆ ಹೋಗಿ, ಸಂಜೆಯ ಮೇವಿನ ಹೊತ್ತಿಗೆ ಮುನ್ನ ಹೊರಬನ್ನಿರಿ. ನಡುಹಗಲಿನ ಬಿಸಿಲು ಮುಖದ ಮೇಲೆ ಕಠಿಣವಾಗಿ ಬೀಳುತ್ತದೆಂಬುದು ನಿಜ. ಆದರೆ ಅದೇ ಬಿಸಿಲು ಹೊರಗಿನ ನೆಲಕ್ಕೆ ತಾಗಿ ಕಂಬಗಳ ಮಂಟಪದೊಳಗೆ ಮೃದುವಾಗಿ ಹರಡುತ್ತದೆ. ಕಸುಬು ಬಲ್ಲ ಛಾಯಾಗ್ರಾಹಕನಿಗೆ ಕೃತಕ ದೀಪವಿಲ್ಲದೆ ಅಷ್ಟು ಬೆಳಕು ಸಾಕು. ಗುಡಿಗೆ ಪುರಾತತ್ತ್ವ ಇಲಾಖೆಯನ್ನೂ ಮೀಸಲಿಗೆ ಅರಣ್ಯ ಇಲಾಖೆಯನ್ನೂ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬಣ್ಣದ ಹೊಗೆ, ಮಿನುಗುವ ಪ್ಲಾಸ್ಟಿಕ್ ಚೂರು, ಬಲೂನುಗಳನ್ನು ಮನೆಯಲ್ಲೇ ಬಿಡಿರಿ. ಅಲಂಕಾರದ ಥರ್ಮೋಕೋಲು, ಬಲೂನಿನ ಪ್ಲಾಸ್ಟಿಕ್ ಕಡ್ಡಿಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಅಲಂಕಾರ, ವೇಷ, ಆಟ ಎಲ್ಲವೂ ಬೇಕೆನ್ನುವವರಿಗೆ ನೋಟಕ್ಕೆಂದೇ ನಿರ್ಮಿಸಿದ ಸ್ಥಳಗಳು ಶಿಗ್ಗಾವಿ ತಾಲ್ಲೂಕಿನಲ್ಲಿವೆ. ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯಿಂದ ಮೂಡಿದ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಒಂದು. ಬಾಡದಲ್ಲಿ ಕನಕದಾಸರ ನೆನಪಿಗೆ ಈ ಕಾಲದಲ್ಲಿ ಕಟ್ಟಿದ ಅರಮನೆ ಇನ್ನೊಂದು. ಅಲ್ಲಿಯೂ ಅನುಮತಿ ಕೇಳಬೇಕು, ಆದರೆ ಅಲ್ಲಿ ಯಾರ ಗೂಡೂ ಕೆಡುವ ಭಯ ಕಡಿಮೆ.

ವಿದ್ಯಾರ್ಥಿ ಮಿತ್ರರಿಗೆ ಇಲ್ಲೊಂದು ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ನಿಮ್ಮ ಊರಿನಲ್ಲಿ ಯಾವ ಹಕ್ಕಿ ಯಾವ ತಿಂಗಳು ಎಲ್ಲಿ ಮೊಟ್ಟೆಯಿಡುತ್ತದೆಂಬುದನ್ನು ಹಿರಿಯರಿಂದ ಕೇಳಿ ಬರೆದು ಆ ಸಮಿತಿಗೆ ಕೊಡಿರಿ. ಗೂಡಿನ ಸ್ಥಳವನ್ನು ಮಾತ್ರ ಬಹಿರಂಗಪಡಿಸಬೇಡಿರಿ. ತಿಂಗಳುಗಳ ಪಟ್ಟಿಯೊಂದನ್ನು ಊರಿನ ಫೋಟೋ ಸ್ಟುಡಿಯೋಗಳಲ್ಲಿ ತೂಗುಹಾಕಿದರೆ, ಯಾವಾಗ ಎಲ್ಲಿಗೆ ಹೋಗಬಾರದೆಂಬುದು ಗಿರಾಕಿಗಳಿಗೂ ತಿಳಿಯುತ್ತದೆ.

ನಮ್ಮ ಹಿರಿಯರು ಹಂದರಗಂಬಕ್ಕೆ ಕೊಂಬೆ ಕಡಿಯುವ ಮೊದಲು ಮರಕ್ಕೆ ಪೂಜೆ ಸಲ್ಲಿಸುತ್ತಿದ್ದರು. ಬಂಧುಗಳನ್ನು ಕರೆಯಲು ವೀಳ್ಯ ಹಿಡಿದು ಹೋಗುತ್ತಿದ್ದರು. ಯಾರ ಮನೆಗೂ ಹೇಳದೆ ಕೇಳದೆ ನುಗ್ಗುತ್ತಿರಲಿಲ್ಲ. ಈ ವರ್ಷ ನಿಮ್ಮ ಮನೆಯಲ್ಲಿ ಮದುವೆಯಿದ್ದರೆ, ಛಾಯಾಗ್ರಾಹಕರಿಗೆ ಮುಂಗಡ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿರಿ: ನಾವು ಹೋಗುವ ಜಾಗ ಯಾರದು? ಅವರಿಗೆ ಇದು ಯಾವ ಕಾಲ? ಅನುಮತಿ ಪಡೆದಿದ್ದೀರಾ? ಇವಕ್ಕೆ ತೃಪ್ತಿಕರವಾದ ಉತ್ತರ ಸಿಕ್ಕ ಮೇಲೆ ಉಡುಪಿನ ಬಣ್ಣದ ಮಾತಾಡಬಹುದು.