ಮೂರು ತಿಂಗಳ ಕೆಲಸ, ಒಂದೇ ದಿನದಲ್ಲಿ ವಜಾ: ನೌಕರನಿಗೆ ಏನು ಹಕ್ಕಿದೆ?

ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಜವಳಿ, ಚಿನ್ನಬೆಳ್ಳಿ, ಕಿರಾಣಿ ಅಂಗಡಿ ನಡೆಸುವ ಜೈನ ಕುಟುಂಬಗಳಿಗೂ, ಬೆಂಗಳೂರಿನಲ್ಲಿ ಗುತ್ತಿಗೆ ಮೇಲೆ ದುಡಿಯುವ ಅವರ ಮಕ್ಕಳಿಗೂ ಇದು ಸಂಬಂಧಪಟ್ಟ ವಿಷಯ.

ದೀಪಾವಳಿ, ಮದುವೆ ಸೀಜನ್ನಿಗೆಂದು ಸೇರಿಸಿಕೊಂಡ ಹುಡುಗನಿಗೆ 'ನಾಳೆಯಿಂದ ಬರಬೇಡ' ಎನ್ನುವುದು ಹೊಸದೇನಲ್ಲ. ಕೆಲಸ ಹೋಗಬಹುದು, ದುಡಿದ ಸಂಬಳ ಹೋಗುವಂತಿಲ್ಲ. ವೇತನ ಸಂಹಿತೆಯ 17ನೇ ಕಲಮಿನಂತೆ, ಮಾಲೀಕರು ತೆಗೆದರೂ ತಾನೇ ಬಿಟ್ಟರೂ ಎರಡು ಕೆಲಸದ ದಿನಗಳೊಳಗೆ ಬಾಕಿ ಚುಕ್ತಾ ಆಗಬೇಕು. 'ತಿಂಗಳ ಕೊನೆಗೆ ಬಾ, ಲೆಕ್ಕ ನೋಡೋಣ' ಎಂಬ ಮಾತು ಇನ್ನು ನಡೆಯದು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನ ನಿರೋಧವೂ ಒಂದೆಂದು ಪ್ರವಚನದಲ್ಲಿ ಕೇಳಿದವರಿಗೆ ಇದನ್ನು ಕಾಯ್ದೆಯೇ ಹೇಳಬೇಕಾಗಿರಲಿಲ್ಲ.

ನೋಟಿಸಿನ ಮಾತು ಬೇರೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನಂತೆ, ಸತತ ಆರು ತಿಂಗಳು ದುಡಿದವರನ್ನು ತೆಗೆಯಲು ಸರಿಯಾದ ಕಾರಣವಿರಬೇಕು, ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಸಂಬಳ ಕೊಡಬೇಕು. ದುರ್ನಡತೆಯ ಆರೋಪವಿದ್ದರೆ ವಿಚಾರಣೆ ನಡೆಯಬೇಕು. ಮೂರೇ ತಿಂಗಳಲ್ಲಿ ಹೊರಬಿದ್ದವರಿಗೆ ಈ ಕಲಮಿನ ರಕ್ಷಣೆ ಇಲ್ಲ. ನೇಮಕಾತಿ ಪತ್ರದಲ್ಲಿ ಬರೆದದ್ದೇ ಆಧಾರ. ಬಾಯಿಮಾತಿನ ನೇಮಕವೇ ಹೆಚ್ಚಿನ ಜಗಳಗಳ ಮೂಲ. ಪತ್ರವಿಲ್ಲದಿದ್ದರೆ ಹಾಜರಿ, ಬ್ಯಾಂಕ್ ಜಮಾ, ವಾಟ್ಸಾಪ್ ಸಂದೇಶಗಳನ್ನಾದರೂ ಜೋಪಾನವಾಗಿಡಬೇಕು.

ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷ ತುಂಬಿದರೆ ಈಗ ಗ್ರಾಚ್ಯುಟಿಯೂ ಉಂಟು. ಮೊದಲು ಐದು ವರ್ಷ ಬೇಕಿತ್ತು.

ಸಂಬಳ ಬಾರದಿದ್ದರೆ ಕಾರ್ಮಿಕ ಇಲಾಖೆಯ ಸ್ಥಳೀಯ ಕಚೇರಿಗೆ ಲಿಖಿತ ದೂರು ಕೊಡಬಹುದು. ಬಾಕಿ ವೇತನದ ಅರ್ಜಿಗೆ ಮೂರು ವರ್ಷಗಳ ಕಾಲಾವಕಾಶವಿದೆ.