ಓದುವ ಅಧಿಕಾರ, ತಿದ್ದುವ ಅಧಿಕಾರ

ಹೊನ್ನಾಳಿಯ ರೈತನು ಪಹಣಿಗಾಗಿ ಕೈಬರಹದ ಪುಸ್ತಕವನ್ನು ನೆಚ್ಚಿದ್ದ ಕಾಲ ಕಳೆಯಿತು. 2000ದ ಸುಮಾರಿಗೆ ನಮ್ಮ ಸರ್ಕಾರದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಇಂತಹ ದಾಖಲೆಗಳ ಜಾಲತಾಣಗಳಿಗೆ ಕೃತಕ ಬುದ್ಧಿಮತ್ತೆಯ ಸಹಾಯಕನನ್ನು ಜೋಡಿಸುವುದು ಈಗ ಸಾಧ್ಯವಾಗಿದೆ. ನಾವು ಆಡುಮಾತಿನಲ್ಲಿ ಕೇಳಿದುದನ್ನು ಗ್ರಹಿಸಿ, ತಾಣದೊಳಗೆ ಹೊಕ್ಕು, ಬೇಕಾದ ದಾಖಲೆಯನ್ನು ಹುಡುಕಿ ತರಬಲ್ಲ ಯಂತ್ರವಿದು. 2024ರ ನವೆಂಬರಿನಲ್ಲಿ ಪ್ರಕಟವಾದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ನಿಯಮಾವಳಿಯು ಈ ಜೋಡಣೆಯನ್ನು ಸುಲಭಗೊಳಿಸಿದೆ.

ಅರ್ಜಿ ಬರೆಯಲು ಬಾರದವನಿಗೆ ಇದರಿಂದ ಆಗುವ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಓದುವ ಅಧಿಕಾರ ಬೇರೆ, ತಿದ್ದುವ ಅಧಿಕಾರ ಬೇರೆ. ಪ್ರಯೋಗಶಾಲೆಯ ವೋಲ್ಟ್‌ಮೀಟರನ್ನು ನೆನೆಯಿರಿ. ಅದು ಮಂಡಲವನ್ನು ಅಳೆಯಬೇಕೇ ಹೊರತು ಕದಡಬಾರದು. ಆದುದರಿಂದಲೇ ಅದರ ರೋಧವನ್ನು ಅಧಿಕವಾಗಿ ಇರಿಸಿರುತ್ತಾರೆ. ಈ ಸಹಾಯಕನೂ ಹಾಗೆಯೇ ಇರಬೇಕು.

ಏಕೆಂದರೆ ಇದು ಸಂಭವನೀಯತೆಯನ್ನು ಎಣಿಸಿ ಉತ್ತರವನ್ನು ಹೆಣೆಯುವ ಯಂತ್ರ. ಒಮ್ಮೊಮ್ಮೆ ತಪ್ಪನ್ನೂ ಧೈರ್ಯವಾಗಿ ನುಡಿಯುತ್ತದೆ. ಸರ್ವೆ ನಂಬರಿನ ಒಂದಂಕಿ ತಪ್ಪಿದರೆ ಒಬ್ಬನ ಗದ್ದೆ ಇನ್ನೊಬ್ಬನ ಹೆಸರಿಗೆ ಬಿದ್ದೀತು. ‘ಭೂಮಿ’ಯನ್ನು ರೂಪಿಸಿದವರು ದಾಖಲೆ ತಿದ್ದುವ ನೌಕರನು ತನ್ನ ಬೆರಳ ಗುರುತನ್ನು ಕೊಟ್ಟೇ ಒಳಹೊಗುವಂತೆ ಏರ್ಪಡಿಸಿದ್ದರು. ತಪ್ಪಿಗೆ ಹೊಣೆ ಯಾರೆಂಬುದು ಅದರಿಂದ ತಿಳಿಯುತ್ತಿತ್ತು. ಯಂತ್ರಕ್ಕೆ ಬೆರಳೆಲ್ಲಿಯದು?

ಯಂತ್ರವು ಹುಡುಕಲಿ, ಕರಡನ್ನೂ ಸಿದ್ಧಪಡಿಸಲಿ. ಒಪ್ಪಿಗೆಯ ಗುರುತು ಮಾತ್ರ ಮನುಷ್ಯನದಾಗಿರಲಿ. ನಾಳೆ ಈ ಜೋಡಣೆಯನ್ನು ಮಾಡುವವರು ಇಂದಿನ ವಿದ್ಯಾರ್ಥಿಗಳಾದ ನೀವೇ. ಆದುದರಿಂದ ಈ ಮಾತನ್ನು ನಿಮ್ಮ ಮುಂದಿರಿಸಿದ್ದೇವೆ.