ಸಭೆಯ ಚಪ್ಪಾಳೆಯೂ ಮತದಾರನ ತೀರ್ಪೂ

ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಅಧ್ಯಕ್ಷ ಪದವಿಯ ಚುನಾವಣೆಗೆ ಮುಂಚೆ ಎರಡು ದೊಡ್ಡ ಪಕ್ಷಗಳೂ ಮಹಾಧಿವೇಶನಗಳನ್ನು ಕೂಡಿಸಿ, ತಮ್ಮ ಉಮೇದುವಾರನನ್ನು ಲೋಕದ ಮುಂದೆ ನಿಲ್ಲಿಸುವುದು ವಾಚಕರಿಗೆ ತಿಳಿದ ಸಂಗತಿ. ಆ ವೇದಿಕೆಯ ಭಾಷಣಗಳು ಬರಿಯ ಆಡಂಬರವೆಂದು ಕೆಲವರು ಹಳಿಯುತ್ತಾರೆ. ಅವುಗಳಿಂದಲೇ ಅಧ್ಯಕ್ಷರು ಹುಟ್ಟುವರೆಂದು ಮತ್ತೆ ಕೆಲವರು ನಂಬುತ್ತಾರೆ. ಈ ಎರಡು ಮತಗಳೂ ನಮಗೆ ಒಪ್ಪಿಗೆಯಾಗವು.

ಭಾಷಣದ ಶಕ್ತಿಗೆ ೧೮೯೬ನೆಯ ಇಸವಿಯ ಶಿಕಾಗೋ ಅಧಿವೇಶನವೇ ಸಾಕ್ಷಿ. ಚಿನ್ನವೊಂದೇ ನಾಣ್ಯಕ್ಕೆ ಆಧಾರವಾದರೆ ಸಾಲದಲ್ಲಿ ಮುಳುಗಿದ ರೈತನು ಉಳಿಯಲಾರನು, ಬೆಳ್ಳಿಗೂ ಸ್ಥಾನ ಬೇಕು ಎಂಬುದು ಅಂದಿನ ವಾದ. ನೆಬ್ರಾಸ್ಕ ಸಂಸ್ಥಾನದ ವಕೀಲರಾದ ವಿಲಿಯಂ ಜೆನ್ನಿಂಗ್ಸ್ ಬ್ರಯನ್ನರು, ದುಡಿಯುವ ಜನರನ್ನು ಚಿನ್ನದ ಶಿಲುಬೆಗೆ ಏರಿಸಗೊಡೆವೆಂದು ಜುಲೈ ೯ರಂದು ಗರ್ಜಿಸಿದಾಗ ಸಭಿಕರು ಅವರನ್ನು ಹೆಗಲಮೇಲೆ ಹೊತ್ತು ಮೆರೆದಾಡಿದರು. ಮರುದಿನವೇ, ಐದನೆಯ ಸುತ್ತಿನ ಮತಗಣನೆಯಲ್ಲಿ, ೩೬ ವರ್ಷದ ಆ ತರುಣರು ಡೆಮೊಕ್ರಾಟಿಕ್ ಪಕ್ಷದ ಉಮೇದುವಾರರಾದರು. ಆದರೆ ನವೆಂಬರದಲ್ಲಿ ಗೆದ್ದವರು ಮ್ಯಾಕಿನ್ಲಿಯವರು! ರೈತರ ಹೃದಯವನ್ನು ಮುಟ್ಟಿದ ಮಾತು ಪೂರ್ವದ ಕಾರಖಾನೆಗಳ ಪಟ್ಟಣಗಳನ್ನು ಒಲಿಸಲಿಲ್ಲ.

ನ್ಯಾಯಸ್ಥಾನದಲ್ಲಿ ನಿಂತು ವಾದಿಸುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಕಕ್ಷಿದಾರನ ನೆಂಟರಿಷ್ಟರು ತಲೆದೂಗಿದ ಮಾತ್ರಕ್ಕೆ ದಾವೆ ಗೆದ್ದಂತಾಗದು. ಒಪ್ಪಬೇಕಾದವನು ಪೀಠದ ಮೇಲೆ ಕುಳಿತವನು.

ಹಾಗಾದರೆ ಒಳ್ಳೆಯ ಭಾಷಣ ಮಾಡತಕ್ಕ ಕೆಲಸವೇನು? ಮೊದಲನೆಯದು, ಹೊರಗಿನವರಿಗೆ ಬಾಗಿಲು ತೆರೆಯುವುದು. ೧೯೩೨ರಲ್ಲಿ ದೇಶವು ಆರ್ಥಿಕ ಮುಗ್ಗಟ್ಟಿನಲ್ಲಿ ಬೆಂದಾಗ ಫ್ರಾಂಕ್ಲಿನ್ ರೂಸ್‌ವೆಲ್ಟರು, ಉಮೇದುವಾರನು ಮನೆಯಲ್ಲಿಯೇ ಕಾದಿರಬೇಕೆಂಬ ಹಳೆಯ ಪದ್ಧತಿಯನ್ನು ಮುರಿದು, ವಿಮಾನದಲ್ಲಿ ಶಿಕಾಗೋಕ್ಕೆ ಬಂದರು. ತಮ್ಮ ನಾಯಕರಲ್ಲಿ ನಂಬಿಕೆಗೆಟ್ಟ ಎದುರುಪಕ್ಷದವರನ್ನೂ ತಮ್ಮೊಡನೆ ಕೈಗೂಡಿಸಲು ಕರೆದರು. ೪೮ ಸಂಸ್ಥಾನಗಳಲ್ಲಿ ೪೨ ಅವರ ಪಾಲಾದವು. ಮುಗ್ಗಟ್ಟಿನ ಕಷ್ಟವೇ ಜನರ ಮನಸ್ಸನ್ನು ಹದಗೊಳಿಸಿತ್ತೆಂಬುದು ನಿಜ, ಆದರೆ ಆ ಹದವನ್ನರಿತು ಬಿತ್ತಿದ್ದು ಈ ಕರೆ. ೧೯೬೪ರಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ಬ್ಯಾರಿ ಗೋಲ್ಡ್‌ವಾಟರರು ಮಾಡಿದ್ದು ಇದಕ್ಕೆ ವಿರುದ್ಧ. ಪಕ್ಷವು ಒಡೆದ ಮನೆಯಾಗಿದ್ದಾಗ, ಸ್ವಾತಂತ್ರ್ಯದ ರಕ್ಷಣೆಯಲ್ಲಿ ಅತಿರೇಕವು ದೋಷವಲ್ಲವೆಂದು ಸಾರಿದರು. ತಮ್ಮ ಧ್ಯೇಯವನ್ನು ಒಲ್ಲದವರು ಬಂದಾರೆಂಬ ನಿರೀಕ್ಷೆಯೇ ತಮಗಿಲ್ಲವೆಂದರು. ಮಂಟಪವು ಮೊಳಗಿತು, ಆದರೆ ಚುನಾವಣೆಯಲ್ಲಿ ೫೦ ಸಂಸ್ಥಾನಗಳಲ್ಲಿ ೬ ಮಾತ್ರ ದಕ್ಕಿದವು.

ಎರಡನೆಯದು, ನಂಬಿಕೆಯ ಕರಾರು. ೧೯೮೮ರಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಹಿರಿಯ ಜಾರ್ಜ್ ಬುಷ್ಷರು ಹೊಸ ತೆರಿಗೆ ಹಾಕೆನೆಂದು ವಚನವಿತ್ತು ಗೆದ್ದರು. ೧೯೯೦ರಲ್ಲಿ ತೆರಿಗೆಯ ಏರಿಕೆಗೆ ಒಪ್ಪಿದರು. ೧೯೯೨ರಲ್ಲಿ ಸ್ವಪಕ್ಷದವರೂ ಎದುರಾಳಿಗಳೂ ಅದೇ ವಚನವನ್ನು ಅವರ ಮುಂದೆ ಹಿಡಿದರು, ಅವರು ಸೋತರು. ಗೆಲ್ಲಿಸಿದ ಮಾತೇ ತಿರುಗಿ ಸಾಕ್ಷಿಕಟ್ಟೆಯನ್ನೇರಿತು.

ಇಂದು ಸಂಸ್ಥಾನಗಳ ಪ್ರಾಥಮಿಕ ಚುನಾವಣೆಗಳಲ್ಲಿಯೇ ಉಮೇದುವಾರನು ನಿಶ್ಚಯವಾಗುವುದುಂಟು. ೧೯೫೨ರ ತರುವಾಯ ಯಾವ ದೊಡ್ಡ ಪಕ್ಷದ ಅಧಿವೇಶನದಲ್ಲಿಯೂ ಎರಡನೆಯ ಸುತ್ತಿನ ಮತ ಬೇಕಾಗಿಲ್ಲ. ಆದುದರಿಂದ ಭಾಷಣವು ವ್ಯರ್ಥವಾಯಿತೇ? ಇಲ್ಲ. ೨೦೦೪ರಲ್ಲಿ ಬಾಸ್ಟನ್ನಿನಲ್ಲಿ ಜಾನ್ ಕೆರಿಯವರ ಪರವಾಗಿ ಮಾತಾಡಿದ ಬರಾಕ್ ಒಬಾಮರು ಆಗ ಇಲಿನಾಯ್ ಸಂಸ್ಥಾನದ ಶಾಸನಸಭಾ ಸದಸ್ಯರಷ್ಟೆ. ಕೆರಿಯವರು ಸೋತರು, ನಾಲ್ಕು ವರ್ಷಗಳಲ್ಲಿ ಒಬಾಮರು ಅಧ್ಯಕ್ಷರಾಗಿ ಚುನಾಯಿತರಾದರು. ಬಿತ್ತಿದ ಮಾತು ಯಾವ ಹೊಲದಲ್ಲಿ ಬೆಳೆಯುವುದೋ ಬಲ್ಲವರಾರು!

ವಾಕ್ಶಕ್ತಿಯನ್ನು ನಾವು ಹಗುರಾಗಿ ಕಾಣೆವು. ಗುಲಾಮನನ್ನು ಪ್ರಜೆಯಾಗಿ ಎಬ್ಬಿಸಿದ್ದು ಅದೇ. ಆದರೆ ಮತದಾರನು ಚಪ್ಪಾಳೆಯ ಸದ್ದಿಗೆ ಮರುಳಾಗದೆ ಎರಡು ಪ್ರಶ್ನೆಗಳನ್ನು ಕೇಳಲಿ: ಈ ಮಾತಿನಲ್ಲಿ ತನ್ನವರಲ್ಲದವರಿಗೂ ಸ್ಥಳವಿದೆಯೇ? ಆಡಿದವನು ನಾಳೆ ಇದಕ್ಕೆ ಜವಾಬು ಕೊಡುವನೇ? ಈ ಪರೀಕ್ಷೆಯಲ್ಲಿ ನಿಲ್ಲದ ಭಾಷಣವು ಎಷ್ಟೇ ಇಂಪಾಗಿರಲಿ, ಅದು ಜಾತ್ರೆಯ ತುತ್ತೂರಿಯೇ ಸರಿ.